ಅಣ್ಣನಿಗೆಂದು ತೆಗೆದಿಟ್ಟ ಹಸಿವು

ಅಪ್ಪಿಕೊಂಡರೆ ಒಬ್ಬರ ಹಸಿವು ಇನ್ನೊಬ್ಬರಿಗೆ ದಾಟುತ್ತಿದ್ದ ಕಾಲವದು. ಹಾಗಾಗಿ ರಂಜಾನ್ ಹಬ್ಬದ ಬೆಳಿಗ್ಗೆ ಎಲ್ಲರೂ ಖರ್ಜೂರ ತಿಂದೇ ಈದ್ಗಾಕ್ಕೆ ಹೋಗುತ್ತಿದ್ದರು. ಬುಡನ್‌ಸಾಬ ಮಾತ್ರ ಈ ಸಲ ತಿನ್ನಲಿಲ್ಲ. ತಿಂಗಳಿಡೀ ಸಂಜೆಗೊಂದು ಖರ್ಜೂರ, ಒಂದು ಗುಟುಕು ನೀರಿನಲ್ಲೇ ರೋಜಾದ ಉಪವಾಸ ಬಿಟ್ಟು ಹಸಿವನ್ನು ಹೊಟ್ಟೆಯಲ್ಲೇ ಕೂಡಿಹಾಕಿದ್ದ. "ಏನ್ ಭಕ್ತಿಪಾ ಇವಂದು!" ಎಂದು ಓಣಿಯೆಲ್ಲ ಕೊಂಡಾಡಿತ್ತು.

ಭಕ್ತಿಯಲ್ಲ, ಸೇಡು. ಹೋದ ವರ್ಷ ತನ್ನ ಮಗಳ ಮದುವೆಯಲ್ಲಿ ಅಣ್ಣ ಇಮಾಮ್‌ಸಾಬ, ಯಾರೋ ದೊಡ್ಡವರು ಬಂದರೆಂದು, ತುತ್ತೆತ್ತಿದ್ದ ತಮ್ಮನನ್ನು ಪಂಕ್ತಿಯಿಂದ ಎಬ್ಬಿಸಿದ್ದ: "ಏಳೋ, ನಿನ್ನ ಪಾಳಿ ಇನ್ನೂ ಬಂದಿಲ್ಲ."

ನಮಾಜು ಮುಗಿಸಿ ಮನೆಗೆ ಬಂದ ಅಣ್ಣನನ್ನು, ಅಲ್ಲಿಯವರೆಗೆ ಯಾರ ಅಪ್ಪುಗೆಗೂ ಸಿಗದಿದ್ದ ಬುಡನ್‌ಸಾಬ ಮೂರು ಸಲ ಬಿಗಿದಪ್ಪಿದ. ತಿಂಗಳ ಹಸಿವಷ್ಟೂ ದಾಟಿ ಅಣ್ಣ ನಿಂತಲ್ಲೇ ಕೂತುಬಿಟ್ಟ. ಹಬ್ಬದ ಶಾವಿಗೆ ಪಾಯಸ, ಸುರಕುಂಬಾದ ಬಟ್ಟಲಿಗೆ ಕೈ ಚಾಚಿದ. ಬುಡನ್‌ಸಾಬ ಬಟ್ಟಲನ್ನು ಹಿಂದಕ್ಕೆಳೆದು, ಅಣ್ಣನಂತೆಯೇ ಗಡ್ಡ ನೀವಿಕೊಂಡು, ಅವನದೇ ಗೊಗ್ಗರು ದನಿಯಲ್ಲಿ ಹೇಳಿದ: "ಏಳೋ, ನಿನ್ನ ಪಾಳಿ ಇನ್ನೂ ಬಂದಿಲ್ಲ."

ನೆರೆದವರು ಬಿದ್ದು ಬಿದ್ದು ನಕ್ಕರು. ಅವ್ವ ನಗಲಿಲ್ಲ. ಬಟ್ಟಲು ಕಸಿದು ಹಿರಿಯನಿಗೆ ಕೊಟ್ಟಳು, ಇನ್ನೊಂದನ್ನು ಕಿರಿಯನ ಮುಂದಿಟ್ಟಳು.

"ಒಲ್ಲೆವ್ವಾ. ಹಸಿವಿಲ್ಲ."

"ರೋಜಾ ಹಿಡದು ಪುಣ್ಯ ಬಿಟ್ಟು ಬರೇ ಹಸಿವು ಗಳಿಸಿದವರನ್ನ ಕಂಡೀನಿ. ನೀ ಅದನ್ನೂ ಕೊಟ್ಟು ಕುಂತಿಯಲ್ಲೋ!"

ಹಗಲೆಲ್ಲ ಮಲಗಿ ರೋಜಾ ಕಳೆಯುತ್ತಿದ್ದ ಅಣ್ಣ ಈಗ ಒಂದೊಂದು ಎಳೆ ಶಾವಿಗೆಗೂ "ಯಾ ಅಲ್ಲಾ" ಎಂದು ಕಣ್ಣೀರು ಸುರಿಸುತ್ತಿದ್ದ. ಅದನ್ನು ನೋಡನೋಡುತ್ತ, ಹಸಿವೇ ಇಲ್ಲದ ಬುಡನ್‌ಸಾಬನ ಹೊಟ್ಟೆ ಧಗಧಗ ಉರಿಯತೊಡಗಿತು.