ಗಾಳಿಗೋರಿ

ನೂರ ನಲವತ್ತೇಳನೆಯ ಕೆಂಪು ಗೂಟವನ್ನು ಎಡಗಡೆಯ ಸಮಾಧಿಗೂ ನೂರ ನಲವತ್ತೆಂಟನೆಯದನ್ನು ಬಲಗಡೆಯದಕ್ಕೂ ಹೊಡೆದು, ನಡುವಿನ ಮಣ್ಣುದಿಬ್ಬವನ್ನು ಬಿಟ್ಟು ಮುಂದೆ ನಡೆದ ಸರ್ವೇಯರ್ ಖೋಯ್‌ನ ತೋಳನ್ನು ಲಾಯ್ ಅಜ್ಜಿ ಹಿಡಿದು ನಿಲ್ಲಿಸಿದಳು.

"ನಮ್ಮನೆಯವರನ್ನ ದಾಟ್ಕೊಂಡು ಹೋಗ್ತಿದೀಯಲ್ಲ ಮಗಾ."

ಖೋಯ್ ಪಟ್ಟಿಯನ್ನು ನೋಡಿದ. ಅಣುವಿದ್ಯುತ್ ಸ್ಥಾವರಕ್ಕಾಗಿ ತೆರವಾಗಬೇಕಿದ್ದ ಆ ವಿಯೆಟ್ನಾಂ ಕಡಲತೀರದ ಊರಿನ ಮನೆ, ಬಾವಿ, ದ್ರಾಕ್ಷಿ ಚಪ್ಪರ, ಸಮಾಧಿ ಎಲ್ಲವೂ ಅದರಲ್ಲಿದ್ದವು. "ಇದು ಗಾಳಿಗೋರಿ ಅಜ್ಜಿ. ಒಳಗೆ ಎಲುಬಿಲ್ಲ. ಸಾಗಿಸಬೇಕಾದ ಅವಶೇಷ ಸೊನ್ನೆ ಅಂತಿದೆ. ಎಲುಬಿದ್ರೆ ಮಾತ್ರ ಹೊಸ ಸ್ಮಶಾನದಲ್ಲಿ ಜಾಗ."

"ಎಲುಬಿಲ್ಲ ಅಂತ ಯಾರಂದ್ರು? ನಾನೇ ಕೈಯಾರೆ ಜೋಡಿಸಿದೀನಿ."

ಇಪ್ಪತ್ತೇಳು ವರ್ಷಗಳ ಹಿಂದೆ ಬಿರುಗಾಳಿ ಅವಳ ಗಂಡನ ದೋಣಿಯನ್ನು ನುಂಗಿತ್ತು, ದೇಹ ಸಿಗಲಿಲ್ಲ. ಕಡಲಿನಲ್ಲಿ ಕಳೆದುಹೋದವರಿಗೆ ಮಾಡುವಂತೆ, ಜೇಡಿಮಣ್ಣಿನಲ್ಲಿ ಆಳೆತ್ತರದ ಬೊಂಬೆ ಮಾಡಿ, ಹಿಪ್ಪುನೇರಳೆಯ ಕಡ್ಡಿಗಳನ್ನು ಎಲುಬುಗಳಾಗಿ ಇರಿಸಿ, ಹೆಸರು ಹಿಡಿದು ಮೂರು ಸಲ ಕರೆದು ಇಲ್ಲಿ ಹೂಳಿದ್ದರು.

ಊರಿನ ಮುಖ್ಯಸ್ಥ ಸಾಂಗ್ ನಡುವೆ ಬಾಯಿ ಹಾಕಿದ. "ಲಾಯಕ್ಕ, ಅವನ ತಲೆ ತಿನ್ಬೇಡ. ಕಡ್ಡಿ ಹೂತಿದ್ದನ್ನೆಲ್ಲ ಎಣಿಸಿದ್ರೆ ನಾಳೆ ಊರಿಗೂರೇ ಅಂಗಳದಲ್ಲಿ ದಿಬ್ಬ ಹಾಕುತ್ತೆ."

"ನೀನು ಸುಮ್ನಿರು. ಹೋದ ಸಲ ಎಣಿಸೋಕೆ ಬಂದೋರ ಹಿಂದೆ ಕೊಡೆ ಹಿಡ್ಕೊಂಡು ನಡೆದೋನೂ ನೀನೇ. ಹೆಂಗೂ ಊರು ಖಾಲಿಯಾಗುತ್ತೆ, ಒಡೆದ ಹೆಂಚು ಬದಲಾಯಿಸ್ಬೇಡಿ ಅಂದೆ. ಸ್ಥಾವರ ಬರಲಿಲ್ಲ. ಈ ಊರಿಗೆ ವರ್ಷಕ್ಕೆ ಬರೋದೇ ನಾಲ್ಕು ಮಳೆ; ಏಳು ವರ್ಷ ನಾಲ್ಕೂ ನನ್ನ ಹಾಸಿಗೆ ಮೇಲೇ ಬಿದ್ವು. ಆ ನೀರು ಯಾವ ಲೆಕ್ಕದಲ್ಲಿದೆ?"

"ಎಲ್ಲಾ ಸೇರಿಸಿದೀವಿ ಅಜ್ಜಿ," ಎಂದ ಖೋಯ್. "ಕಟ್ಟೋ ಖರ್ಚು, ಕೊನೆಗೆ ಕೆಡವೋ ಖರ್ಚು, ಕಸ ಇಡೋ ಖರ್ಚು. ಕರೆಂಟಿಗೆ ಯೂನಿಟ್ಟಿನ ಬೆಲೆ ಅಂದ್ರೆ ಪೂರ್ತಿ ಬೆಲೆ." ನಂಬಿಸಲೆಂದು ನಕ್ಷೆಯನ್ನೂ ಬಿಡಿಸಿದ. ಅವರು ನಿಂತಿದ್ದ ಜಾಗದಲ್ಲಿ ಒಂದು ನೀಲಿ ಚೌಕವಿತ್ತು. ಅಜ್ಜಿ ಅದರ ಮೇಲೆ ಬೆರಳಿಟ್ಟಳು.

"ಇದೇನು?"

"ಉರಿದು ಮುಗಿದ ಇಂಧನ ಇಡೋ ಜಾಗ."

"ಎಲ್ಲಿದೆ ಆ ಇಂಧನ?"

"ಇನ್ನೂ ಇಲ್ಲ. ಸ್ಥಾವರ ಶುರುವಾದ್ಮೇಲೆ."

"ಇನ್ನೂ ಹುಟ್ಟದಿರೋ ಕಸಕ್ಕೆ ಜಾಗ ಇದೆ. ಸತ್ತಿರೋ ನನ್ನ ಗಂಡನಿಗಿಲ್ಲ." ಅವಳ ಬೆರಳು ಚೌಕವನ್ನು ಬಿಡಲಿಲ್ಲ. "ಎಷ್ಟು ದಿನ ಇರುತ್ತೆ ಅದು?"

ಖೋಯ್‌ಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಬೇರೆ ಜಾಗ ಗೊತ್ತಾಗೋವರೆಗೆ. ವಿಷ ಇಳಿಯೋಕೆ ಸಾವಿರಾರು ವರ್ಷ ಬೇಕು."

"ಅಷ್ಟು ದಿನವೂ ಯಾರಾದ್ರೂ ಕಾಯ್ತಿರ್ಬೇಕಾ?"

"ಕಾಯಲೇಬೇಕು. ಮೊದಲ ಅರವತ್ತು ವರ್ಷದ ಕಾವಲಿನ ಖರ್ಚು ಹಾಕಿದೀವಿ."

"ಆಮೇಲೆ?"

ಖೋಯ್ ನಕ್ಷೆಯನ್ನು ಮಡಿಸತೊಡಗಿದ. ಸಾಂಗ್ ಕಡಲಿನ ಕಡೆ ನೋಡುತ್ತ ನಿಂತ. ಅಜ್ಜಿ ದಿಬ್ಬದ ಮೇಲಿನ ಒಣಹುಲ್ಲನ್ನು ಬೇರುಸಹಿತ ಕಿತ್ತು ಅವರಿಬ್ಬರ ಕಾಲ ಬುಡಕ್ಕೆ ಎಸೆದಳು.

"ಬೇಡ. ನಮ್ಮನೆಯವರನ್ನ ಎಲ್ಲಿಗೂ ಸಾಗಿಸ್ಬೇಡ, ಇಲ್ಲೇ ಇರ್ಲಿ. ಸಂಬಳ ಕೇಳದೆ ಸಾವಿರ ವರ್ಷ ಕಾಯೋರು ನಿಮಗೆ ಇನ್ಯಾರು ಸಿಗ್ತಾರೆ? ತೆಗಿ ಪೆನ್ನು, ಬರ್ಕೋ. ಕಾವಲಿನ ಖರ್ಚು, ಸೊನ್ನೆ."