ಒಂದು ಒಲೆ, ಒಂದು ಮನೆ

"ಈ ಮನೇಲಿ ಒಲೆ ಎಷ್ಟು?"

ಆದಾಯ ಅಂದಾಜು ಕಚೇರಿಯಿಂದ ಬಂದಿದ್ದೇನೆ ಎಂದು ಕುರ್ಚಿ ಎಳೆದುಕೊಂಡ ಹೆಂಗಸು ಕೇಳಿದ ಮೊದಲ ಪ್ರಶ್ನೆಯೇ ಅದು. ರಟ್ಟಿನ ಕಾರ್ಖಾನೆಯ ಯಜಮಾನನಿಗೆ ನಗು ಬಂತು. ಆದರೆ ನಗುವ ಹೊತ್ತಲ್ಲ. ಜಿಲ್ಲೆಯ ಮನೆಗಳ ಮಧ್ಯಮ ಆದಾಯ ಈ ಸಲ ಬಡಜಿಲ್ಲೆಯ ಗೆರೆಗಿಂತ ಕೆಳಗೆ ಬಂದರೆ ಕಾರ್ಖಾನೆಗೆ ತೆರಿಗೆ ಮಾಫಿ. ಹೋದ ಸಲ ಕೂದಲೆಳೆಯಲ್ಲಿ ತಪ್ಪಿತ್ತು. ಆ ಹೊಟ್ಟೆಯುರಿಯನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ.

"ಒಂದೇ ಒಲೆ," ಎಂದ.

"ಹಾಗಾದ್ರೆ ಒಂದೇ ಮನೆ. ಎಲ್ಲರ ಆದಾಯಾನೂ ಒಟ್ಟಿಗೆ ಸೇರುತ್ತೆ. ನಿಮ್ಮದು ಸಾಹುಕಾರರ ಮನೆ."

ಅಷ್ಟರಲ್ಲಿ ಅತ್ತಿಗೆ ನೀರು ತಂದಳು. ತೀರಿಹೋದ ಅಣ್ಣನ ಹೆಂಡತಿ. ಕುರ್ಚಿಯಲ್ಲಿದ್ದವಳನ್ನು ನೋಡಿದವಳೇ ತಟ್ಟೆ ಇಟ್ಟು ಒಳಗೆ ಸರಿದಳು. ಬಂದವಳು ಮುಖವೆತ್ತದೆ ನೀರು ಕುಡಿದಳು.

ಅರ್ಧ ಮನೆ ಅಣ್ಣನದು. ಅತ್ತಿಗೆ ಪಾಲು ಕೇಳಿದಾಗಲೆಲ್ಲ ಯಜಮಾನನದು ಒಂದೇ ಮಾತು: "ಒಟ್ಟಿಗೆ ಉಂಡ್ಕೊಂಡಿರೋರಿಗೆ ಪಾಲು ಯಾಕೆ?" ಉಣ್ಣುವುದು ಹಾಗಿರಲಿ, ಮನೆ ತುಂಬ ಜನಕ್ಕೆ ಬೇಯಿಸಿ, ಬಡಿಸಿ, ಪಾತ್ರೆ ತಿಕ್ಕುತ್ತಿದ್ದವಳು ಅವಳೇ. ಅಣ್ಣನ ಎರಡು ಕೋಣೆ ರಟ್ಟಿನ ಗೋದಾಮಾಗಿತ್ತು. ಅಣ್ಣನ ಮದುವೆಗೂ ಹೋಗದ ಈ ಮಹಾಶಯ ಅತ್ತಿಗೆಯ ತವರಿನವರ ಮುಖ ನೋಡಿದವನಲ್ಲ. ಅವರ ಫೋನು ಬಂದರೆ "ಅವಳಿಲ್ಲ" ಎಂದು ಕುಕ್ಕುತ್ತಿದ್ದ. ಎಂಥ ಜನ ಇರ್ತಾರೆ ನೋಡಿ!

"ಮೇಡಂ, ಈ ಮಧ್ಯಮ ಆದಾಯ ಅಂದ್ರೆ ಸರಾಸರೀನಾ?"

"ಅಲ್ಲ. ಜಿಲ್ಲೆಯ ಮನೆಗಳನ್ನೆಲ್ಲ ಬಡವರಿಂದ ಹಿಡಿದು ಸಾಹುಕಾರರವರೆಗೆ ಸಾಲಾಗಿ ನಿಲ್ಲಿಸಿ. ನಟ್ಟನಡುವೆ ನಿಲ್ಲೋ ಮನೆಯ ಆದಾಯ ಅದು. ಬಡವರ ಕಡೆ ಮನೆ ಹೆಚ್ಚಾದ್ರೆ ನಡು ಕೆಳಗೆ ಜಾರುತ್ತೆ."

"ಒಂದು ಮನೆಯಿಂದ ಏನಾಗುತ್ತೆ ಬಿಡಿ."

"ನಾವು ಎಲ್ಲರ ಮನೆಗೂ ಹೋಗಲ್ಲ. ಆರಿಸಿದ ಒಂದು ಮನೆ ಸಾವಿರ ಮನೆಗೆ ಲೆಕ್ಕ."

ಯಜಮಾನನ ಕಣ್ಣರಳಿತು. ಈ ದನಿ ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದೂ ಅನ್ನಿಸಿತು. ಕಚೇರಿಯವರ ದನಿ ಎಲ್ಲ ಒಂದೇ ಎಂದು ಸುಮ್ಮನಾದ.

"ಅತ್ತಿಗೆ ಒಲೆ ಬೇರೆ ಮಾಡಿದ್ರೆ? ಅವಳ ಆದಾಯ ಸೊನ್ನೆ."

"ಒಲೆ ಒಂದೇ ಸಾಲದು. ಬೀದಿಗೆ ಅವರದೇ ಬಾಗಿಲು ಬೇಕು. ಬೀಗದ ಕೈ ಅವರ ಹತ್ರಾನೇ ಇರಬೇಕು. ಪಾಲು ಕೊಟ್ಟಾಯ್ತು ಅಂತ ನೆರೆಯವರ ಮುಂದೆ ನೀವೇ ಹೇಳಬೇಕು." ಅವಳು ಎದ್ದಳು. "ನಾನೇನೂ ಹೇಳಿಕೊಟ್ಟಿಲ್ಲಪ್ಪ. ನೀವು ಕೇಳಿದ್ರಿ, ಹೇಳ್ದೆ. ಮುಂದಿನ ವಾರ ಬಂದು ನೋಡ್ತೀನಿ."

ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡ ಯಜಮಾನ. ಗೋದಾಮು ಖಾಲಿಯಾಯಿತು. ಒಳಬಾಗಿಲಿಗೆ ಇಟ್ಟಿಗೆ ಬಿತ್ತು. ಬೀದಿ ಕಡೆಯ ಹಳೆಯ ಬಾಗಿಲಿಗೆ ಹೊಸ ಬೀಗ ಬಂತು. ಒಲೆಯೂ ಬಂತು, ನಲ್ಲಿಯೂ ಬಂತು.

"ಅಡುಗೆ ಯಾರ್ರೀ ಮಾಡೋದು?" ಹೆಂಡತಿ ಗೊಣಗಿದಳು.

"ಆ ಕಚೇರಿಯವಳು ನೋಡ್ಕೊಂಡು ಹೋಗೋವರೆಗೆ ಕಣೇ. ಆಮೇಲೆ ಗೋಡೆ ಒಡೆದ್ರಾಯ್ತು."

ಹೇಳಿದ ದಿನ ಕಚೇರಿಯ ಹೆಂಗಸು ಬಂದಳು. ಯಜಮಾನ ಪಕ್ಕದ ಮನೆಯ ಔಷಧಿ ಅಂಗಡಿಯವನನ್ನೂ ಎದುರು ಮನೆಯ ಟೀಚರಮ್ಮನನ್ನೂ ಕರೆದು ನಿಲ್ಲಿಸಿದ್ದ. ಬೀದಿಗೆಲ್ಲ ಕೇಳುವ ಹಾಗೆ ಗಂಟಲೆತ್ತಿದ. "ಇದು ಅಣ್ಣನ ಪಾಲು, ಅತ್ತಿಗೆಗೆ ಕೊಟ್ಟಾಯ್ತು. ಇನ್ನು ಇದಕ್ಕೂ ನನಗೂ ಸಂಬಂಧ ಇಲ್ಲ!"

ಬೀಗದ ಕೈ ಅತ್ತಿಗೆಯ ಅಂಗೈಗೆ ಬಿತ್ತು. ಒಲೆ ನೋಡಬೇಕು ಎಂದು ಕಚೇರಿಯ ಹೆಂಗಸು ಅವಳ ಹಿಂದೆಯೇ ಒಳಗೆ ಹೋದಳು. ಬಾಗಿಲು ಮುಚ್ಚಿತು. ಚಿಲಕ ಬಿತ್ತು.

ಮಧ್ಯಾಹ್ನವಾಯಿತು. ಯಜಮಾನನ ಮನೆಯಲ್ಲಿ ತಟ್ಟೆಗಳು ಬಂದವು, ಊಟ ಬರಲಿಲ್ಲ. ಹೊರಗೆ ಬಂದು ಅತ್ತಿಗೆಯ ಬಾಗಿಲು ತಟ್ಟಿದ.

"ಊಟಕ್ಕೆ ಹೊತ್ತಾಯ್ತು! ಇನ್ನೂ ಎಷ್ಟೊತ್ತು?"

"ನಮ್ಮನೇಲಿ ಆಗಿದೆ," ಒಳಗಿನಿಂದ ಅತ್ತಿಗೆ ಹೇಳಿದಳು. "ನಿಮ್ಮನೇದು ನನಗೇನು ಗೊತ್ತು?"

ಇಷ್ಟು ವರ್ಷದಲ್ಲಿ ಅವಳು ಎದುರಾಡಿದ್ದು ಅದೇ ಮೊದಲು. ಯಜಮಾನ ಬಾಗಿಲು ಗುದ್ದತೊಡಗಿದ. ಔಷಧಿ ಅಂಗಡಿಯವನು ಕಿಟಕಿಯಿಂದ ಇಣುಕಿದ. "ಏನ್ ಸಾರ್, ಸಂಬಂಧ ಇಲ್ಲ ಅಂದ್ರಲ್ಲ, ಈಗ್ಲೇ ಮರೆತ್ರಾ?"

ಟೀಚರಮ್ಮ ಕಿಸಕ್ಕನೆ ನಕ್ಕರು. ಯಜಮಾನ ಹಲ್ಲು ಕಡಿಯುತ್ತಾ ಅಂದಾಜು ಕಚೇರಿಗೆ ಫೋನು ಮಾಡಿದ.

"ನಿಮ್ಮ ಹೆಂಗಸು ಇಲ್ಲಿ ಒಳಗೆ ಸೇರ್ಕೊಂಡಿದ್ದಾಳೆ ಕಣ್ರೀ. ಹೊರಗೆ ಕರೀರಿ!"

"ಯಾವ ಹೆಂಗಸು ಸಾರ್? ನಾವು ಯಾರ ಮನೆಗೂ ಹೋಗಲ್ಲ. ತೆರಿಗೆ ಲೆಕ್ಕ, ಜನಗಣತಿ ಇಟ್ಕೊಂಡು ಕೂತಲ್ಲೇ ಅಂದಾಜು ಮಾಡೋದು. ನಿಮ್ಮ ಜಿಲ್ಲೇದು ಹೋದ ತಿಂಗಳೇ ಮುಗೀತು."

ಯಜಮಾನ ಇಂಗು ತಿಂದ ಮಂಗನ ಹಾಗೆ ನಿಂತ. ಆಗ ಒಳಗಿನಿಂದ ಒಂದು ದನಿ ಕೇಳಿತು. ಎಷ್ಟೋ ಸಲ "ಅವಳಿಲ್ಲ" ಎಂದು ಇವನು ಫೋನು ಕುಕ್ಕಿದ್ದ ಅದೇ ದನಿ.

"ಅಕ್ಕಾ, ಇನ್ನೊಂದು ಚೂರು ಬಡಿಸೇ."