ಹಲಗೆಯಲ್ಲಿ ಉಳಿದ ನೀಲಿ

"ಮಾಮ, ಅಮ್ಮ ಬರೆದಿಟ್ಟು ಹೋದ ಹಾಗೆ ಈ ಚಿತ್ರ ನಾಳೆ ಮ್ಯೂಸಿಯಂಗೆ ಹೋಗುತ್ತೆ. ಇರೋದೇ ಒಂದು ಪ್ರತಿ. ನನಗೂ ಒಂದು ಅಚ್ಚು ಹಾಕಿಕೊಡಿ," ಎನ್ನುತ್ತ ಪುಟ್ಟಿ ಚಿತ್ರವನ್ನು ಗೋಡೆಗೊರಗಿಸಿ, ಬಟ್ಟೆಯಲ್ಲಿ ಸುತ್ತಿದ್ದ ಮರದ ಹಲಗೆಯನ್ನು ಮೇಜಿನ ಮೇಲಿಟ್ಟಳು. ಅವಳಿಗೆ ಐವತ್ತು ತುಂಬಿತ್ತು. ಅವಳಮ್ಮನ ಚಿತ್ರಗಳನ್ನೆಲ್ಲ ಅಚ್ಚು ಹಾಕಿದ್ದ ಈ ಮುದುಕನಿಗೆ ಮಾತ್ರ ಇನ್ನೂ ಪುಟ್ಟಿಯೇ.

ಮುದುಕ ಹಲಗೆಯ ಮೇಲೆ ಕೈಯಾಡಿಸಿದ. "ನಿಮ್ಮಮ್ಮ ಎಲ್ಲಾ ಬಣ್ಣಕ್ಕೂ ಒಂದೇ ಹಲಗೆ ಇಟ್ಕೊಳ್ತಿದ್ರು. ಮೊದಲು ಹಳದಿ ಒತ್ತೋದು, ಹಳದಿಯಾಗೇ ಉಳೀಬೇಕಾದ ಜಾಗ ಕೆತ್ತಿ ತೆಗೆಯೋದು. ಅದರ ಮೇಲೆ ಕೆಂಪು, ಮತ್ತೆ ಕೆತ್ತೋದು. ಹಸಿರು, ಮತ್ತೆ ಕೆತ್ತೋದು. ಈಗ ಇದರಲ್ಲಿರೋದು ಕೊನೇ ಬಣ್ಣ, ನೀಲಿ ಮಾತ್ರ. ಉಳಿದದ್ದು ಅವತ್ತೇ ಕಸದ ಬುಟ್ಟಿಗೆ ಹೋಯ್ತಮ್ಮ."

ಪುಟ್ಟಿಯ ಮುಖ ಸಣ್ಣದಾಯಿತು. ಚಿತ್ರದ ಕಡೆ ನೋಡಿದಳು. ಹಳದಿ ಗೋಡೆ, ಕೆಂಪು ಕಿಟಕಿ, ಹಸಿರೆಲೆಗಳ ಗದ್ದಲ, ನಡುವೆ ಅಂಗೈಯಗಲ ನೀಲಿ. ಅದನ್ನು ಹೂಜಿ ಎಂದವರುಂಟು, ಹಕ್ಕಿ ಎಂದವರುಂಟು. ನವ್ಯ ಚಿತ್ರವಲ್ಲವೇ, ಬಾಯಿಗೆ ಬಂದದ್ದು ಹೇಳಬಹುದು.

"ಹೋಗ್ಲಿ ಬಿಡಿ. ಅಮ್ಮ ನನಗೆ ಅಂತ ಯಾವತ್ತು ಏನಿಟ್ಟಿದ್ದಾಳೆ? ಕೆಲಸಕ್ಕೆ ಕೂತರೆ ಬಾಗಿಲಿಗೆ ಚಿಲಕ. ನಾನು ಕಿಟಕಿ ಹತ್ರ ಗಂಟೆಗಟ್ಟಲೆ ನಿಂತಿರ್ತಿದ್ದೆ. ಒಂದು ಸಲವೂ ತಲೆ ಎತ್ತಿ ನೋಡಲಿಲ್ಲ." ಇಷ್ಟು ವರ್ಷವಾದರೂ ಆ ಮುನಿಸು ಕರಗಿರಲಿಲ್ಲ.

ಮುದುಕ ನೀಲಿ ಶಾಯಿ ಕಲಸಿ ಹಲಗೆಗೆ ಬಳಿದ. ಬಿಳಿ ಹಾಳೆ ಹೊದಿಸಿ, ಮರದ ಸೌಟಿನ ಬೆನ್ನಿನಿಂದ ಉಜ್ಜತೊಡಗಿದ. ಸೌಟು ಪುಟ್ಟಿಯ ಮನೆಯದೇ. ಎಂದೋ ಅಡುಗೆಮನೆಯಿಂದ ಬಂದದ್ದು ವಾಪಸ್ಸು ಹೋಗಿರಲಿಲ್ಲ. ಆ ಉಜ್ಜುವ ಸದ್ದು, ಆ ಶಾಯಿಯ ವಾಸನೆ. ಪುಟ್ಟಿಗೆ ತಾನು ಮತ್ತೆ ಆ ಕಿಟಕಿಯ ಹೊರಗೆ ನಿಂತಂತೆನಿಸಿತು.

ಮುದುಕ ಹಾಳೆಯನ್ನು ಮೂಲೆ ಹಿಡಿದು ಎತ್ತಿದ. ಬಣ್ಣಗಳ ಗದ್ದಲದಲ್ಲಿ ಕಳೆದುಹೋಗಿದ್ದ ಗೆರೆಗಳೆಲ್ಲ ಬಿಳಿಯ ಮೇಲೆ ನಿಚ್ಚಳವಾಗಿದ್ದವು. ಎರಡು ಜಡೆ. ಒಂದರ ರಿಬ್ಬನ್ ಬಿಚ್ಚಿಕೊಂಡಿದೆ. ಎರಡೂ ಅಂಗೈಯಲ್ಲಿ ಗಲ್ಲ ಊರಿ, ಇತ್ತಲೇ ನೋಡುತ್ತಿರುವ ಒಂದು ಮಗು.

"ಇದು... ನಾನಾ?"

"ಮತ್ತಿನ್ನೇನು, ಹೂಜಿನಾ?" ಮುದುಕ ಸೌಟನ್ನು ಒರೆಸಿ ಅವಳ ಕೈಗಿಟ್ಟ. "ಬಾಗಿಲು ಹಾಕ್ಕೊಳ್ತಿದ್ರು, ನಿಜ. ಆದ್ರೆ ನೀನು ಸ್ಕೂಲಿಂದ ಬರೋ ಹೊತ್ತಿಗೆ ಸರಿಯಾಗಿ, ಮೇಜನ್ನ ಕಿಟಕಿ ಕಡೆ ತಿರುಗಿಸ್ಕೊಂಡು ಕೂರ್ತಿದ್ರು. ಆ ಭಾರದ ಮೇಜಿನ ಇನ್ನೊಂದು ತುದಿ ಹಿಡೀತಿದ್ದವನು ನಾನು."